ಉಳ್ಳಾಗಡ್ಡಿ ಗಾಡಿಗೆ ಬಣ್ಣ

ಗ್ಯಾಸ್ ಹೊತ್ತಿಸುವ ಮೊದಲು ನಾನು ಮೂಸಿ ನೋಡುತ್ತೇನೆ. ಒಲೆಯ ಹತ್ತಿರ ಒಮ್ಮೆ, ಸಿಲಿಂಡರಿನ ಹತ್ತಿರ ಒಮ್ಮೆ, ಆಮೇಲೆ ಮೊಣಕಾಲೂರಿ ನೆಲದ ಹತ್ತಿರ ಒಮ್ಮೆ. ನೆಲದ ಹತ್ತಿರ ಯಾಕೆಂದರೆ ಥಿನ್ನರಿನ ಆವಿ ಗಾಳಿಗಿಂತ ಭಾರ, ಅದು ಕೆಳಗೇ ಕೂತಿರುತ್ತದೆ. ವಿಜಯಪುರದ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಗೆ ಥಿನ್ನರ್ ಯಾಕೆ ಬರುತ್ತದೆ ಎಂದು ಅವ್ವ ಕೇಳುತ್ತಾಳೆ. ಚಹಾ ತಡವಾದ ದಿನ ಸ್ವಲ್ಪ ಜೋರಾಗಿಯೇ ಕೇಳುತ್ತಾಳೆ. ಅವಳದು ತಪ್ಪಲ್ಲ. ಆ ಭಾನುವಾರ ಅವಳು ತಿಕೋಟಾದ ತೋಟದಲ್ಲಿ ಇರಲಿಲ್ಲ, ಅಷ್ಟೆ.

ನಾನಿದ್ದೆ. ಬರೀ ಇದ್ದೆ ಎಂದರೂ ಸುಳ್ಳಾಗುತ್ತದೆ. ಅಲ್ಲಿ ನಡೆದದ್ದಕ್ಕೆ ನನ್ನದೊಂದು ಮಾತೇ ಕಾರಣ. ಅದನ್ನು ಹೇಳಬೇಕಾದರೆ ಮೊದಲು ಕಾರಿನ ವಿಷಯ ಹೇಳಬೇಕು.

ಕಾರು ನನ್ನ ಸೋದರಮಾವನದು. ತಿಕೋಟಾದಿಂದ ಹೊನವಾಡಕ್ಕೆ ಹೋಗುವ ರಸ್ತೆಯಲ್ಲಿ ಅವನ ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ಎರಡು ಕೈ ದಾಟಿ ಬಂದ ಸಣ್ಣ ಕಾರನ್ನು ಅವನು ಮೂರನೆಯವನಾಗಿ ಕೊಂಡಿದ್ದ. ಕಾಗದಪತ್ರದಲ್ಲಿ ಅದರ ಬಣ್ಣ ಕೆಂಪು. ಆದರೆ ನಮ್ಮ ಜಿಲ್ಲೆಯ ಬಿಸಿಲು ಕಾಗದಪತ್ರ ಓದುವುದಿಲ್ಲ. ವರ್ಷಗಟ್ಟಲೆ ಬಯಲಲ್ಲಿ ನಿಂತು ಕೆಂಪು ಹೋಗಿ ಗುಲಾಬಿಯಾಗಿತ್ತು. ಮೇಲಿನ ಹೊಳಪಿನ ಪದರ ಟಾಪಿನ ಮೇಲೂ ಬಾನೆಟ್ಟಿನ ಮೇಲೂ ತೆಳ್ಳಗೆ ಸುಲಿದು, ಓಡುವಾಗ ಗಾಳಿಗೆ ಪಟಪಟ ಅನ್ನುತ್ತಿತ್ತು.

ಹಿಂದಿನ ವರ್ಷ ಪಂಚಮಿಗೆ ಮಾಮಾ, ಅತ್ತೆ ಇಬ್ಬರೂ ಅದೇ ಕಾರಿನಲ್ಲಿ ನಿಡೋಣಿಗೆ ಹೋಗಿದ್ದರು. ಅದು ಅತ್ತೆಯ ತವರು. ಅವಳ ಅಣ್ಣನ ಹೆಂಡತಿ, ಅಂದರೆ ಅತ್ತೆಯ ವೈನಿ, ಕಾಲಿಗೆ ನೀರು ತರುವವಳು ತಂಬಿಗೆ ಕೈಯಲ್ಲೇ ಹಿಡಿದು ಬಾನೆಟ್ಟಿನ ಹತ್ತಿರ ನಿಂತಳಂತೆ. ಉಗುರಿನಿಂದ ಒಂದು ಸಿಪ್ಪೆ ಎಬ್ಬಿಸಿ, ಎಳೆದು, ಬಿಸಿಲಿಗೆ ಹಿಡಿದು ನೋಡಿ, "ಯವ್ವಾ, ಇದು ಕಾರೋ ಉಳ್ಳಾಗಡ್ಡ್ಯೋ? ಸುಲದಷ್ಟೂ ಬರಾಕತ್ತೈತಲ್ಲ" ಅಂದಳಂತೆ.

ಉಳ್ಳಾಗಡ್ಡಿಯ ಬಣ್ಣವೂ ಅದೇ, ಸಿಪ್ಪೆಯೂ ಅದೇ. ಹೋಲಿಕೆ ಅಷ್ಟು ಸರಿಯಾಗಿ ಕೂತಿದ್ದರಿಂದ ಯಾರಿಗೂ ಮರೆಯಲಾಗಲಿಲ್ಲ. ನಿಡೋಣಿಯಲ್ಲಿ ಅತ್ತೆಯ ಮನೆಯವರಿಗೆ 'ಉಳ್ಳಾಗಡ್ಡಿ ಗಾಡಿಯವರು' ಎಂದು ಹೆಸರು ಬಿತ್ತು. ಫೋನಿನಲ್ಲಿಯೂ ಕ್ಷೇಮ ಸಮಾಚಾರ ಕೇಳಿದ ಮೇಲೆ ಉಳ್ಳಾಗಡ್ಡಿಯ ಸಮಾಚಾರ ಕೇಳುವುದು ರೂಢಿಯಾಯಿತು.

ಅತ್ತೆ ನಕ್ಕು ಸುಮ್ಮನಾದವಳಂತೆ ಕಂಡಳು. ಚಳಿಗಾಲದಲ್ಲಿ ಬಂದು ವಿಜಯಪುರದಲ್ಲಿ ನಮ್ಮ ಮನೆಯಲ್ಲಿ ಇದ್ದು, ದಿನಾ ಬೆಳಿಗ್ಗೆ ಡ್ರೈವಿಂಗ್ ಕಲಿತಳು. ಲೈಸೆನ್ಸೂ ಬಂತು. ಆಷಾಢ ಕಾಲಿಟ್ಟ ಮೇಲೆ ಅಣ್ಣನಿಗೆ ಫೋನು ಮಾಡಿದಳು. ಪ್ರತಿ ವರ್ಷ ಪಂಚಮಿಗೆ ಅಣ್ಣ ಬಂದು ಕರೆದೊಯ್ಯುವುದು, ಇವಳು ಚೀಲ ಕಟ್ಟಿಕೊಂಡು ಅಂಗಳದಲ್ಲಿ ದಾರಿ ಕಾಯುವುದು. ಹೋದ ವರ್ಷ ಅವನಿಗೆ ಬರಲಾಗದೆ ಮಾಮಾ ಬಿಟ್ಟುಬಂದಿದ್ದ. "ಅಣ್ಣಾ, ಈ ಸಲ ಕರಿಯಾಕ ಬರಬ್ಯಾಡ. ನಾನ ಗಾಡಿ ಹೊಡ್ಕೊಂಡು ಬರ್ತೀನಿ" ಅಂದಳು. ಸ್ವಲ್ಪ ತಡೆದು, ವೈನಿಗೆ ಕೇಳಲಿ ಎಂದೋ ಏನೋ, ದನಿ ಏರಿಸಿ "ಕೆಂಪ್ ಗಾಡಿ" ಎಂದು ಸೇರಿಸಿದಳು.

ಫೋನಿಟ್ಟು ಮಾಮಾನ ಕಡೆ ತಿರುಗಿ, ಕೆಂಪಾದರೆ ಹಬ್ಬ, ಇಲ್ಲದಿದ್ದರೆ ಈ ಸಲ ತವರಿಲ್ಲ ಎಂದು ಹೇಳಿದಳು. ಮದುವೆಯಾದಾಗಿನಿಂದ ಅವಳು ಒಂದು ಪಂಚಮಿಯನ್ನೂ ತವರು ತಪ್ಪಿಸಿದವಳಲ್ಲ. ಮಾಮಾ ಅವತ್ತು ರಾತ್ರಿ ನನಗೆ ಫೋನು ಮಾಡಿ, ಪಂಚಮಿಗೆ ಇನ್ನು ಎಷ್ಟು ದಿನ ಉಳಿದಿವೆ ಎಂದು ಕೇಳಿದ. ಅವನ ಮನೆಯಲ್ಲಿ ಕ್ಯಾಲೆಂಡರ್ ಇಲ್ಲವೆಂದಲ್ಲ. ಕೇಳಿದ ಮೇಲೆ ಗಾಬರಿ ಇಬ್ಬರಿಗೆ ಹಂಚಿಹೋಗುತ್ತದಲ್ಲ, ಅದಕ್ಕೆ.

ನನ್ನನ್ನೇ ಕೇಳುವುದಕ್ಕೆ ಕಾರಣವಿತ್ತು. ನಾನು ಕೆಮಿಸ್ಟ್ರಿ ತೆಗೆದುಕೊಂಡು ಬಿಎಸ್ಸಿ ಮುಗಿಸಿ ಒಂದು ಖಾಸಗಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತೇನೆ. ಮಾಮಾನ ಪಾಲಿಗೆ ನನ್ನ ಹೆಸರೇ ಬಿಎಸ್ಸಿ. ತೋಟಕ್ಕೆ ಹೊಡೆಯುವ ಔಷಧದಿಂದ ಹಿಡಿದು ಮಜ್ಜಿಗೆ ಹುಳಿಯಾಗುವವರೆಗೆ ಎಲ್ಲ ನನ್ನ ಇಲಾಖೆ.

ವಿಜಯಪುರದ ಒಂದು ಗ್ಯಾರೇಜಿಗೆ ಕಾರು ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಪೇಂಟರ್ ಕಾರನ್ನು ಒಂದು ಸುತ್ತು ಹಾಕಿ ಖರ್ಚು ಹೇಳಿದ. ಮಾಮಾ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು, ಅಷ್ಟು ಕೊಟ್ಟು ಈ ಕಾರನ್ನೇ ನಾನು ಕೊಂಡಿಲ್ಲವಲ್ಲ ಅಂದ. ಪೇಂಟರ್, ಅದು ನೋಡಿದರೆ ಗೊತ್ತಾಗುತ್ತದೆ ಅಂದ. ಮಾತು ಅಲ್ಲಿಗೆ ಮುಗಿಯಿತು. ವಾಪಸು ಬರುವ ದಾರಿಯಲ್ಲೇ ಮಾಮಾ ನಿರ್ಧಾರ ಮಾಡಿದ್ದ. ಜೀವಮಾನವಿಡೀ ದ್ರಾಕ್ಷಿಗೆ ಔಷಧ ಹೊಡೆದ ಕೈಗೆ ಕಾರಿಗೆ ಬಣ್ಣ ಹೊಡೆಯುವುದು ಯಾವ ದೊಡ್ಡ ಮಾತು?

ಹೊಡೆಯುವುದೇ ಆದರೆ ಬಿಳಿ ಹೊಡೆಯೋಣ, ಬಿಸಿಲಿಗೆ ಬಾಡುವುದಿಲ್ಲ ಎಂಬುದು ಅವನ ಆಸೆ. ಕಾಗದಪತ್ರದಲ್ಲಿ ಕೆಂಪು ಎಂದಿರುವಾಗ ಆರ್‌ಟಿಓ ಕಚೇರಿಯಲ್ಲಿ ಹೇಳದೆ ಬೇರೆ ಬಣ್ಣ ಹಚ್ಚುವಂತಿಲ್ಲ ಎಂದು ನಾನು ಹೇಳಿದೆ. ಅವನು ಯಾರನ್ನೋ ಕೇಳಿದ, ಅವರೂ ಹೌದೆಂದರು. ಅಂದಿನಿಂದ ಬಣ್ಣದ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತಾಯಿತು. ಈಗ ಯೋಚಿಸಿದರೆ, ಅವತ್ತೇ ನನ್ನ ಮಾತೊಂದು ತಪ್ಪಾಗಿದ್ದರೆ ಎಷ್ಟು ಒಳ್ಳೆಯದಿತ್ತು.

ಬಣ್ಣ ಮತ್ತು ಥಿನ್ನರ್ ತಂದವಳು ನಾನೇ. ಬಾಗಿಲಿನ ರಬ್ಬರಿನ ಕೆಳಗೆ ಒಂದಿಷ್ಟು ಹಳೆಯ ಕೆಂಪು ಉಳಿದಿತ್ತು. ಅದರ ಫೋಟೋ ತೋರಿಸಿ ಅಂಗಡಿಯಲ್ಲಿ ಬಣ್ಣ ಕೂಡಿಸಿಕೊಂಡು, ಥಿನ್ನರಿನ ಡಬ್ಬಿಯನ್ನು ಬದನೆಕಾಯಿಯ ಚೀಲದಲ್ಲಿ ಹುದುಗಿಸಿ ತಿಕೋಟಾದ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ ಕಂಡಕ್ಟರ್ ಮೂಗೆಳೆದು, ಉಗುರಿಗೆ ಬಣ್ಣ ಹಚ್ಚಿಕೊಳ್ಳುವವರು ಮನೆಯಲ್ಲಿ ಹಚ್ಚಿಕೊಳ್ಳಿ ಎಂದು ಎಲ್ಲ ಹೆಂಗಸರಿಗೂ ಸೇರಿಸಿ ಬುದ್ಧಿ ಹೇಳಿದ. ನನ್ನ ಪಕ್ಕದ ಅಜ್ಜ ಇಳಿದ ಕೂಡಲೇ ಸೇದಲೆಂದು ಬೀಡಿಯನ್ನೂ ಕಡ್ಡಿಪೆಟ್ಟಿಗೆಯನ್ನೂ ಕೈಯಲ್ಲಿ ತಯಾರಾಗಿ ಹಿಡಿದಿದ್ದ. ಆಗ ಅದೇನೂ ಅನಿಸಿರಲಿಲ್ಲ. ಈಗ ಆ ಅಜ್ಜನ ಹೆಬ್ಬೆರಳು ಕೂಡ ನೆನಪಿಗೆ ಬರುತ್ತದೆ.

ಹಳೆಯ ಬಣ್ಣ ತಿಕ್ಕುವುದು ಒಂದು ವಾರದ ಕೆಲಸ. ನೀರು ಹಾಕಿ ಹಾಕಿ ಉಪ್ಪುಕಾಗದದಿಂದ ತಿಕ್ಕಿ ಮೂವರ ಬೆರಳಿನ ಗೆರೆಗಳೂ ಅಳಿದುಹೋದವು. ಮಾಮಾನ ಫೋನು ಅವನ ಹೆಬ್ಬೆಟ್ಟನ್ನು ಗುರುತಿಸದೆ ನಾಲ್ಕು ದಿನ ಬಾಗಿಲು ಹಾಕಿಕೊಂಡು ಕೂತಿತ್ತು. ತಗ್ಗು ಬಿದ್ದ ಕಡೆ ಪುಟ್ಟಿ ಮೆತ್ತುವುದು ಅತ್ತೆಯ ಪಾಲಿಗೆ ಬಂತು. ಜೋಳದ ರೊಟ್ಟಿ ಬಡಿಯುವ ಅಂಗೈ ಅದು. ಅಂಚು ಕಾಣದ ಹಾಗೆ ಸವರಿ, ಬಾಗಿಲಿಗೆ ಕಿವಿ ಹಚ್ಚುವಷ್ಟು ಬಗ್ಗಿ ಸಮ ಇದೆಯೇ ನೋಡುತ್ತಿದ್ದಳು. ನಿಡೋಣಿಯಲ್ಲಿ ವೈನಿ ಉಗುರು ಹಾಕುವ ಜಾಗ ಬಾನೆಟ್ಟಿನ ಎಡತುದಿ ಎಂದು ಲೆಕ್ಕ ಹಾಕಿ ಅಲ್ಲಿ ಎರಡು ಸಲ ಸವರಿದಳು.

ಬಣ್ಣ ಹೊಡೆಯಲು ಮಾಮಾ ಮೊದಲು ತಂದದ್ದು ಬೆನ್ನಿಗೆ ಹಾಕಿಕೊಂಡು ದ್ರಾಕ್ಷಿಗೆ ಔಷಧ ಹೊಡೆಯುವ ಬ್ಯಾಟರಿ ಪಂಪು. ಬೇಡವೆಂದು ನಾನು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಪಂಪಿನ ವಿಷಯ ಬಿಎಸ್ಸಿಯಲ್ಲಿ ಬರುವುದಿಲ್ಲ. ಅದು ಒಂದೆರಡು ಸಲ ಕೆಮ್ಮಿ, ಹಿಂದಿನ ಸೀಜನ್ನಿನ ಮೈಲುತುತ್ತದ ನೀಲಿಯನ್ನೂ ಸೇರಿಸಿ ಹಿಂದಿನ ಬಾಗಿಲಿಗೆ ಉಗುಳಿತು. ಕೆಂಪು ನೆಲದ ಮೇಲೆ ನೀಲಿ ಚುಕ್ಕೆ. ಇಳಕಲ್ ಸೀರೆಗಾದರೆ ಬಹಳ ಚಂದ ಕಾಣುತ್ತಿತ್ತು. ಅದನ್ನೆಲ್ಲ ಮತ್ತೆ ತಿಕ್ಕಿದೆವು. ಕೊನೆಗೆ ಕಪಾಟಿಗೆ ಪಾಲಿಶ್ ಹೊಡೆಯುವ ಬಡಿಗೇರನಿಂದ ಸ್ಪ್ರೇ ಗನ್ನನ್ನೂ ಪಂಕ್ಚರ್ ಅಂಗಡಿಯ ಗೆಳೆಯನಿಂದ ಗಾಳಿಯ ಮಶೀನನ್ನೂ ಎರಡು ದಿನದ ಮಟ್ಟಿಗೆ ಬೇಡಿ ತಂದ.

ಇನ್ನು ಜಾಗ. ಆಷಾಢದ ಗಾಳಿ ಗೊತ್ತಲ್ಲ, ಕಣ್ಣು ತೆರೆದರೆ ರೆಪ್ಪೆಯೊಳಗೆ ಎರೆಮಣ್ಣು. ಬಯಲಲ್ಲಿ ಬಣ್ಣ ಹೊಡೆದರೆ ಕಾರಿಗೆ ಉಸುಕಿನ ಗಿಲಾವು ಮಾಡಿದಂತೆಯೇ. ಅದಕ್ಕೆ ಮಾಮಾ ಆರಿಸಿದ್ದು ಮಣೂಕದ ಶೆಡ್ಡು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತಾರೆ. ಬೇಸಿಗೆಯಲ್ಲಿ ಬಲೆಗಳ ಮೇಲೆ ದ್ರಾಕ್ಷಿ ಹರವಿ ಒಣಗಿಸುವ ಆ ಉದ್ದನೆಯ ಶೆಡ್ಡು ಆಷಾಢದಲ್ಲಿ ಖಾಲಿ. ಅದರ ಒಂದು ತುದಿಯಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಕಡೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಕೋಣೆಯ ಹಾಗೆ ಮಾಡಿದ. ಕಾರಿನ ಮೂತಿಯ ಕಡೆಯ ಹಾಳೆಯನ್ನು ಮಾತ್ರ ಗಾಳಿ ದಿನಕ್ಕೊಮ್ಮೆ ಹರಿದು ಹಾಕುತ್ತಿತ್ತು. ಮಾಮಾ ಹೊಲಿಯುತ್ತಿದ್ದ, ಗಾಳಿ ಬಿಚ್ಚುತ್ತಿತ್ತು. ಆ ಗಾಳಿಗೆ ಅವನು ಬೈದ ಬೈಗುಳವನ್ನೆಲ್ಲ ನಾನು ಈಗ ಮನಸ್ಸಿನಲ್ಲೇ ಒಂದೊಂದಾಗಿ ವಾಪಸು ತೆಗೆದುಕೊಳ್ಳುತ್ತೇನೆ.

ಇದನ್ನೂ ಹೇಳಿಬಿಡಬೇಕು. ಮಣೂಕಕ್ಕೆ ಬಂಗಾರದ ಬಣ್ಣ ಬರಲೆಂದು ಅದನ್ನು ಹೀಗೆಯೇ ಪ್ಲಾಸ್ಟಿಕ್ ಹೊದಿಸಿದ ಗೂಡಿನಲ್ಲಿಟ್ಟು ಒಳಗೆ ಗಂಧಕ ಸುಟ್ಟು ಹೊಗೆ ಕೊಡುತ್ತಾರೆ. ಬಣ್ಣ ಬರುವುದು, ಬಣ್ಣ ಹಿಡಿಯುವುದು, ಬಣ್ಣ ಹೋಗುವುದು ಎಲ್ಲ ಮಣೂಕದ ಮಾರಾಟದ ಮಾತುಗಳು. ಮಾಮಾನ ತಲೆಯಲ್ಲಿ ಆ ಗೂಡು, ಈ ಗೂಡು ಎರಡೂ ಒಂದೇ ಕಪಾಟಿನಲ್ಲಿ ಇದ್ದವು.

ಆ ಭಾನುವಾರ ಮೊದಲ ಕೋಟು ಚೆನ್ನಾಗಿ ಬಿತ್ತು. ಮಾಮಾ ಬಾಯಿಗೆ ಟವೆಲ್ ಸುತ್ತಿಕೊಂಡು, ಕಾಯಿ ಕಟ್ಟಿದ ಬಳ್ಳಿಗೆ ಹೊಡೆಯುವ ಹಾಗೆ ಕೆಳಗಿನಿಂದ ಮೇಲಕ್ಕೆ ಹೊಡೆದ. ಗಾಜುಗಳಿಗೆಲ್ಲ ಪೇಪರ್ ಅಂಟಿಸಿದ್ದೆವು. ಗಾಳಿಗೆ ಆ ಪೇಪರ್ ಎದ್ದೇಳುತ್ತಿದ್ದುದರಿಂದ ಎರಡನೆಯ ಕೋಟಿನ ಮೊದಲು ಅತ್ತೆ ತಾನು ಒಳಗೆ ಕೂತು ಗಾಜನ್ನು ಅಷ್ಟಷ್ಟೇ ಇಳಿಸಿ ಪೇಪರಿನ ಅಂಚನ್ನು ಒಳಗೆಳೆದು ಸಿಕ್ಕಿಸುತ್ತೇನೆ ಎಂದು ಡ್ರೈವರ್ ಸೀಟಿನಲ್ಲಿ ಕೂತಳು. ಗಾಜು ಏರಿಸಿದರೆ ವಾಸನೆಯೂ ಕಡಿಮೆ, ಕೂತಲ್ಲೇ ಗೇರು ಹಾಕುವ ಅಭ್ಯಾಸವೂ ಆಗುತ್ತದೆ. ಮುಂದಿನ ಗಾಜಿನ ಪೇಪರಿಗೆ ಒಳಗಿನಿಂದ ಕೈ ಸಿಗದಿದ್ದರಿಂದ, ನನಗೆ ಹೇಳಿ ಹೊರಗಿನಿಂದ ಅಂಗೈಯಷ್ಟು ತೂತು ಮಾಡಿಸಿಕೊಂಡಳು. ರಸ್ತೆ ಕಾಣದೆ ಗೇರು ಹಾಕಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಎರಡನೆಯ ಕೋಟು ಹೊಡೆದಾದ ಮೇಲೆ ನಮಗೆ ಗೊತ್ತಾದದ್ದು, ಅತ್ತೆ ಇನ್ನು ಹೊರಗೆ ಬರುವಂತಿಲ್ಲ ಎಂದು. ನಾಲ್ಕೂ ಬಾಗಿಲು ಹಸಿ ಬಣ್ಣ. ತೆರೆದರೆ ಅಂಚಿನ ಬಣ್ಣ ಕೆಡುತ್ತದೆ. ಒಣಗುವವರೆಗೆ ಅವಳು ಒಳಗೇ. ಅವಳಿಗೇನೂ ಬೇಸರವಿರಲಿಲ್ಲ. ಒಳಗಿನಿಂದ ಒಂದನೇ ಗೇರು, ಎರಡನೇ ಗೇರು ಎಂದು ಹೇಳಿಕೊಳ್ಳುವ ಸದ್ದು ಕೇಳುತ್ತಿತ್ತು. ನಡುನಡುವೆ ಸುಮ್ಮಸುಮ್ಮನೆ ನಗುತ್ತಿದ್ದಳು. ಅದು ಥಿನ್ನರಿನ ನಗು ಎಂದು ನನಗೆ ಆಗ ಹೊಳೆಯಲಿಲ್ಲ.

ಆ ಹೊತ್ತಿಗೆ ಹೊರಗೆ ಜಿಟಿಜಿಟಿ ಹನಿ ಶುರುವಾಯಿತು. ಹಸಿ ಗಾಳಿಯಲ್ಲಿ ಥಿನ್ನರ್ ಆರಿದರೆ ನೀರಿನ ಪಸೆ ಬಣ್ಣದಲ್ಲಿ ಸಿಕ್ಕಿಕೊಂಡು ಮೇಲೆ ಮಂಜು ಕಟ್ಟುತ್ತದೆ. ಕಣ್ಣೆದುರೇ ಬಾನೆಟ್ಟಿನ ಕೆಂಪಿನ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳನೆಯ ಪೊರೆ ಬಂತು. ಮಾಮಾ ಗಾಬರಿಯಾಗಿ ಉಳಿದ ಬಣ್ಣವನ್ನೆಲ್ಲ ಅದರ ಮೇಲೆ ದಪ್ಪಗೆ ಹೊಡೆದ. ಅದೂ ಮಂಜಾಯಿತು. ಕೆಂಪು ಮತ್ತೆ ಗುಲಾಬಿಯ ಕಡೆ ಹೊರಟಿತ್ತು.

ನಾನು ಅಷ್ಟರಲ್ಲಿ ತಲೆ ಸಿಡಿಯುತ್ತಿದೆ ಎಂದು ಹೊರಗೆ ಬಂದು, ಎಮ್ಮೆಯ ನೀರಿನ ತೊಟ್ಟಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಮಾಮಾ ಹಿಂದೆಯೇ ಬಂದು ನಿಂತ.

"ಬಿಎಸ್ಸಿ, ಬಣ್ಣ ಬರವಲ್ದಲ್ಲವಾ. ಏನ್ ಮಾಡೂಣು?"

ನನಗೆ ದಣಿವಾಗಿತ್ತು, ಹಸಿವಾಗಿತ್ತು, ಕೈಗೆ ಹತ್ತಿದ ಕೆಂಪು ಹೋಗುತ್ತಿರಲಿಲ್ಲ. ತಲೆ ಎತ್ತದೆ ಅಂದೆ: "ಗಂಧಕದ ಹೊಗಿ ಕೊಡ್ರಿ ಮಾಮಾ. ಮಣೂಕಕ್ಕ ಬರ್ತೈತಿ, ಕಾರಿಗೆ ಬರೂದಿಲ್ಲೇನು?"

ಅದು ಚಾಷ್ಟಿ, ಬರೀ ತಮಾಷೆ. ಗಂಧಕದ ಹೊಗೆ ಬಣ್ಣವನ್ನು ತೆಗೆಯುತ್ತದೆಯೇ ಹೊರತು ಕೊಡುವುದಿಲ್ಲ. ಕೆಂಪು ಹೂವನ್ನು ಆ ಹೊಗೆಗೆ ಹಿಡಿದರೆ ಬಿಳಿಚಿಕೊಳ್ಳುವುದನ್ನು ನಾನೇ ಹುಡುಗರಿಗೆ ತೋರಿಸುತ್ತೇನೆ. ಮಾಮಾ ನಗುತ್ತಾನೆ, ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಎರಡೂ ಮಾಡದೆ ಹೊರಟುಹೋದ. ಬೇಜಾರು ಮಾಡಿಕೊಂಡನೇನೋ ಅನ್ನಿಸಿತು. ಮುಖಕ್ಕೆ ನೀರು ಹಾಕಿಕೊಂಡೆ. ಸೆರಗಿಲ್ಲದ್ದಕ್ಕೆ ದುಪಟ್ಟಾದಿಂದ ಒರೆಸಿಕೊಂಡೆ. ಕಣ್ಣು ತೆರೆದಾಗ ಮಾಮಾ ಮನೆಯ ಹಿತ್ತಿಲಿನಿಂದ ಬರುತ್ತಿದ್ದ. ಒಂದು ಕೈಯಲ್ಲಿ ಹಳೆಯ ರೊಟ್ಟಿ ಹಂಚು, ಅದರ ಮೇಲೆ ಸ್ನಾನದ ಒಲೆಯಿಂದ ತೆಗೆದ ಕುಳ್ಳಿನ ಕೆಂಡ. ಇನ್ನೊಂದು ಕೈಯಲ್ಲಿ ಹಳದಿ ಪುಡಿಯ ಪೊಟ್ಟಣ. ಕೆಂಡ ಆರದ ಹಾಗೆ ಅದಕ್ಕೆ ಊದುತ್ತ, ಮದುವೆಯಲ್ಲಿ ಆರತಿ ತರುವವರಂತೆ ನಿಧಾನವಾಗಿ ನಡೆದು ಬರುತ್ತಿದ್ದ.

ಅವನಿಂದ ಪ್ಲಾಸ್ಟಿಕ್ ಕೋಣೆಗೆ ಇಪ್ಪತ್ತು ಹೆಜ್ಜೆ. ಕೋಣೆಯ ತುಂಬ ಥಿನ್ನರಿನ ಆವಿ. ಅದರೊಳಗೆ ಕಾರು, ಕಾರೊಳಗೆ ಅತ್ತೆ.

ಯಾವ ದ್ರವ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಅದೇ ವಾರ ಬೋರ್ಡಿನ ಮೇಲೆ ಬರೆದು ಬಂದಿದ್ದೆ. ನಿಲ್ಲು ಅನ್ನಬಹುದಿತ್ತು, ಬೆಂಕಿ ಅನ್ನಬಹುದಿತ್ತು, ಬರೀ ಅವ್ವಾ ಎಂದು ಚೀರಿದ್ದರೂ ಸಾಕಿತ್ತು. ಬಹಳ ಕಷ್ಟಪಟ್ಟು ನಾನು ಹೊರಡಿಸಿದ ಶಬ್ದ ಒಂದೇ: "ಮಾಮಾ, ಗಂಧಕ!"

ಅವನು ಪೊಟ್ಟಣ ಎತ್ತಿ ತೋರಿಸಿದ. "ಹೂಂ ಯವ್ವಾ, ಗಂಧಕನ ಐತಿ" ಎಂದು ನನಗೆ ಸಮಾಧಾನ ಹೇಳಿ, ಹೆಜ್ಜೆಯನ್ನು ಇನ್ನಷ್ಟು ಜೋರು ಮಾಡಿದ.

ಆ ಇಪ್ಪತ್ತು ಹೆಜ್ಜೆಗಳನ್ನು ನಾನು ಈಗಲೂ ಎಣಿಸುತ್ತೇನೆ. ಹದಿನೈದರ ಹತ್ತಿರ ನನ್ನ ಕಾಲಿಗೆ ಜೀವ ಬಂತು, ಓಡಿದೆ. ಹದಿನೆಂಟರ ಹತ್ತಿರ ಒಂದು ಗಾಳಿ ಬೀಸಿತು. ಹಂಚಿನ ಮೇಲಿನ ಕುಳ್ಳಿನ ಕಿಡಿಗಳು ಮೇಲೆದ್ದು, ಪ್ಲಾಸ್ಟಿಕ್ಕಿನ ಹೊರಗೆ ನಾವೇ ಗುಡ್ಡೆ ಹಾಕಿದ್ದ ಥಿನ್ನರ್ ಒರೆಸಿದ ಅರಿವೆಗಳ ಮೇಲೆ ಬಿದ್ದವು. ದೊಡ್ಡ ಸದ್ದೇನೂ ಆಗಲಿಲ್ಲ. ಹಾಸಿಗೆ ಜಾಡಿಸಿದ ಹಾಗೆ ಭಪ್ ಎಂದಿತು. ಆಳೆತ್ತರದ ಉರಿ ಎದ್ದು ಪ್ಲಾಸ್ಟಿಕ್ಕಿನ ಹಾಳೆ ಹಪ್ಪಳದ ಹಾಗೆ ಸುರುಟಿಕೊಂಡು ಮೇಲೆ ಹೋಯಿತು. ಮಾಮಾ ಹಂಚು ಬಿಟ್ಟು ಹಿಂದಕ್ಕೆ ಬಿದ್ದ.

ಬೆಂಕಿ ಇದ್ದದ್ದು ಕಾರಿನ ಹಿಂಬದಿಗೆ. ಬಾಗಿಲು ತೆಗೆದು ಇಳಿದು ಓಡು ಎಂದು ಈಗ ನನಗೆ ಸರಿಯಾಗಿ ಕೂಗಲು ಬಂತು. ಎರಡು ಸಲ ಕೂಗಿದೆ. ಒಳಗಿನಿಂದ ಅತ್ತೆಯ ಉತ್ತರ ಬಂತು, "ಬಾಗಲಾ ಹಸೇ ಐತಿ!"

ಆಮೇಲೆ ಕೀಲಿ ತಿರುಗಿದ ಸದ್ದು. ಕಲಿತಾಗಿನಿಂದ ಮೊದಲ ಯತ್ನಕ್ಕೆ ಎಂದೂ ಬಂದ್ ಬೀಳಿಸದೆ ಗಾಡಿ ಎಬ್ಬಿಸಿದವಳಲ್ಲ ಅವಳು. ಅವತ್ತು ಎಬ್ಬಿಸಿದಳು. ಅಂಗೈಯಷ್ಟು ತೂತಿನಲ್ಲಿ ಕಣ್ಣಿಟ್ಟು, ಒಂದನೇ ಗೇರಿನಲ್ಲಿ, ಗಾಳಿ ಹರಿದಿಟ್ಟಿದ್ದ ಮುಂದಿನ ಹಾಳೆಯನ್ನು ಸೀಳಿಕೊಂಡು ಹೊರಗೆ ಬಂದಳು. ಬಂದವಳು ನಿಲ್ಲಲಿಲ್ಲ. ಎಮ್ಮೆ ಹಗ್ಗ ಹರಿದುಕೊಂಡು ದಾರಿ ಬಿಟ್ಟಿತು. ಕಾರು ಅಂಗಳ ದಾಟಿ ತೊಗರಿ ಹೊಟ್ಟಿನ ಬಣವೆಗೆ ಮೂತಿ ಹಾಕಿ, ಅರ್ಧ ಒಳಗೆ ಹೋಗಿ, ಅಲ್ಲಿ ಬಂದ್ ಬಿತ್ತು. ಬಣವೆ ಮೇಲಿನಿಂದ ಕುಸಿದು ಅದನ್ನು ಪೂರ್ತಿ ಮುಚ್ಚಿತು.

ಮಾಮಾ ನೀರು ತರಲು ಓಡಿದ. ಥಿನ್ನರಿನ ಬೆಂಕಿಗೆ ನೀರು ಹಾಕಿದರೆ ಹರಡುತ್ತದೆ ಎಂದು ನಾನು ಅವನ ಅಂಗಿ ಹಿಡಿದು ಎಳೆದೆ. ಅವತ್ತು ನಾನು ಮಾಡಿದ ಒಂದೇ ಬುದ್ಧಿವಂತಿಕೆಯ ಕೆಲಸ ಅದು. ಮಣ್ಣು ಅಗೆಯಲು ಹೊತ್ತಿರಲಿಲ್ಲ, ತಿಪ್ಪೆ ಕೈಗೆ ಸಿಕ್ಕಿತು. ಬುಟ್ಟಿಗಟ್ಟಲೆ ಗೊಬ್ಬರ ಸುರಿದು ಸುರಿದು ಉರಿ ಆರಿಸಿದೆವು. ಆರಿದ ಮೇಲೆ ನೋಡಿದರೆ, ಸುಟ್ಟ ಹಾಳೆಯಿಂದ ಎರಡು ಮೊಳ ಆಚೆಗೆ ಥಿನ್ನರಿನ ಡಬ್ಬಿ ನಿಂತಿತ್ತು. ಅರ್ಧ ತುಂಬಿತ್ತು. ಮುಚ್ಚಳ ಪಕ್ಕದಲ್ಲಿತ್ತು.

ಆ ಮುಚ್ಚಳ ನನಗೆ ಕನಸಿನಲ್ಲಿ ಬರುತ್ತದೆ. ಕೀಲಿ ತಿರುಗಿಸಿದಾಗಿನ ಕಿಡಿಯೂ ಬರುತ್ತದೆ. ಮುಂದಿನ ಹಾಳೆಯನ್ನು ಗಾಳಿ ಹರಿಯದೆ ಇದ್ದಿದ್ದರೆ, ಒಳಗಿನ ಆವಿ ಅಷ್ಟಿಷ್ಟು ಹೊರಗೆ ಹೋಗದೆ ಇದ್ದಿದ್ದರೆ, ಮಾಮಾ ಅವತ್ತು ಹೊಲಿಗೆ ಗಟ್ಟಿ ಹಾಕಿದ್ದರೆ. ಇಲ್ಲಿಗೆ ಬಂದು ನಾನು ಮತ್ತೆ ಒಂದನೆಯ ಹೆಜ್ಜೆಯಿಂದ ಎಣಿಸಲು ಶುರು ಮಾಡುತ್ತೇನೆ.

ಅತ್ತೆ ಹೊಟ್ಟಿನೊಳಗಿಂದ ಬಾಗಿಲು ನೂಕಿಕೊಂಡು ಬಂದಳು. ತಲೆಯ ತುಂಬ ತೊಗರಿ ಹೊಟ್ಟು. ಮಾಮಾನ ಹುಬ್ಬು ಎರಡೂ ಇರಲಿಲ್ಲ. ಉಳಿದಂತೆ ಅವನಿಗೆ ಏನೂ ಆಗಿರಲಿಲ್ಲ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ತಿರುಗಿ ಕಾರನ್ನು ನೋಡಿದಳು. ಗಾಳಿ ಬಣವೆಯ ಮೇಲುಹೊಟ್ಟನ್ನು ಹಾರಿಸಿ ಅದನ್ನು ಒಂದಿಷ್ಟು ಬಿಚ್ಚಿ ತೋರಿಸಿತ್ತು. ದಪ್ಪಗೆ ಹೊಡೆದ ಹಸಿ ಬಣ್ಣದ ಮೇಲೆ, ಚಕ್ರದಿಂದ ಟಾಪಿನವರೆಗೆ, ಒಂದು ಬೆರಳಿಗೂ ಜಾಗ ಬಿಡದೆ ಹೊಟ್ಟು ಅಂಟಿತ್ತು. ಅತ್ತೆ ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತು ಅತ್ತಳು. ಬೆಂಕಿಗೆ ಅಳದವಳು ಬಣ್ಣಕ್ಕೆ ಅತ್ತಳು.

ಪಂಚಮಿಗೆ ಐದು ದಿನ ಉಳಿದಿದ್ದವು. ಬಣ್ಣ ಮುಗಿದಿತ್ತು. ಹೊಟ್ಟು ಕೀಳಲು ಹೋದರೆ ಅದರ ಜೊತೆ ಕೆಂಪೂ ಎದ್ದು ಬರುತ್ತಿತ್ತು. ಮಾಮಾ ಬಂದು ಹೋದವರಿಗೆಲ್ಲ ಹುಬ್ಬಿಲ್ಲದ ಮುಖದಿಂದ ಒಂದೇ ವಿವರಣೆ ಕೊಡುತ್ತಿದ್ದ: ಬಿಎಸ್ಸಿ ಹೇಳಿದ್ದು ಸರಿಯೇ ಇತ್ತು, ತಾನು ಗಂಧಕವನ್ನು ಅವಸರದಲ್ಲಿ ತಂದದ್ದು ತಪ್ಪಾಯಿತು. ನನ್ನನ್ನು ಅವನು ಒಮ್ಮೆಯೂ ದೂರಲಿಲ್ಲ. ಅದು ಚಾಷ್ಟಿ ಎಂದು ಹೇಳಲು ನಾನು ದಿನಾ ಫೋನು ಎತ್ತಿ, ಅವನು "ಹೇಳವಾ" ಅಂದ ಕೂಡಲೇ ಎಮ್ಮೆಯ ಸಮಾಚಾರ ಕೇಳಿ ಇಡುತ್ತಿದ್ದೆ.

ಅತ್ತೆ ಹಬ್ಬಕ್ಕೆ ಹೋಗುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದೆವು. ಅಣ್ಣನಿಗೆ ಕರೆಯಲು ಬಾ ಎಂದು ತಾನೇ ಫೋನು ಮಾಡಲೇ ಎಂದು ಮಾಮಾ ಕೇಳಿದಾಗ ಅವಳು ಎಳ್ಳು ಹಸನು ಮಾಡಲು ಒಳಗೆ ಹೋದಳು. ನಾನು ಹಿಂದಿನ ದಿನವೇ ತೋಟಕ್ಕೆ ಹೋಗಿದ್ದೆ. ಅವಳು ಸಂಜೆಯೆಲ್ಲ ಎಳ್ಳುಂಡಿ, ಶೇಂಗಾದ ಉಂಡಿ ಕಟ್ಟಿದಳು. ಹಬ್ಬದ ದಿನ ಬೆಳಿಗ್ಗೆ ಒಂದು ಎಳ್ಳುಂಡಿ ಕೈಯಲ್ಲಿ ಹಿಡಿದುಕೊಂಡು ಹೋಗಿ ಕಾರಿನ ಮುಂದೆ ಬಹಳ ಹೊತ್ತು ನಿಂತಳು. ಬಂದು ಉಂಡಿಯ ಡಬ್ಬಿಯನ್ನು ಹಿಂದಿನ ಸೀಟಿಗೆ ಇಟ್ಟಳು. ಮಾಮಾನನ್ನು ಕೂರಿಸಿ ಕಾಡಿಗೆಯಿಂದ ಅವನಿಗೆ ಎರಡು ಹುಬ್ಬು ಬರೆದಳು. ಆಮೇಲೆ ನಮ್ಮಿಬ್ಬರಿಗೂ ಹತ್ತಿ ಅಂದಳು.

ನಾನು ನಾಲ್ಕೂ ಗಾಜು ಇಳಿಸಿ, ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಕೂತೆ. ಬಬಲೇಶ್ವರದ ಕಡೆಯ ರಸ್ತೆಯಲ್ಲಿ ಎದುರಿಗೆ ಬಂದ ಟ್ರ್ಯಾಕ್ಟರಿನವರು ಗಾಡಿ ನಿಧಾನ ಮಾಡಿ ನೋಡಿದರು. ಒಂದು ಕಡೆ ನಿಲ್ಲಿಸಿದಾಗ ಆಡು ಬಂದು ಹಿಂದಿನ ಬಾಗಿಲನ್ನು ನೆಕ್ಕಲು ಶುರು ಮಾಡಿತು. ಅತ್ತೆ ಏನನ್ನೂ ನೋಡಲಿಲ್ಲ. ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು, ಮೂಗನ್ನು ಗಾಜಿನ ಹತ್ತಿರ ಇಟ್ಟು, ಒಂದು ಸಲವೂ ಬಂದ್ ಬೀಳಿಸದೆ ನಿಡೋಣಿಯ ಮನೆಯ ಮುಂದೆ ತಂದು ನಿಲ್ಲಿಸಿ ಹಾರ್ನ್ ಹೊಡೆದಳು.

ಮನೆಯವರೆಲ್ಲ ಹೊರಗೆ ಬಂದರು. ಅಣ್ಣ ಕಾರನ್ನು ನೋಡಿ, ತಂಗಿಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದ. ವೈನಿ ತಂಬಿಗೆ ಹಿಡಿದು ಇಳಿದು ಬಂದಳು. ಬಾನೆಟ್ಟಿನ ಎಡತುದಿಗೆ ಉಗುರು ಹಾಕಿದಳು. ಏನೂ ಏಳಲಿಲ್ಲ. ಇನ್ನೊಂದು ಕಡೆ ಹಾಕಿದಳು. ಅಲ್ಲಿಯೂ ಏಳಲಿಲ್ಲ.

"ಉಳ್ಳಾಗಡ್ಡಿ ಹೋಗಿ ಎಳ್ಳುಂಡಿ ಆಗೇತಲ್ಲ ಬೇ ಇದು!"

ಅತ್ತೆ ಇಳಿದು ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಮತ್ತ ಪಂಚಮಿಗೆ ತವರಿಗೆ ಬರುವಾಕಿ ಉಂಡಿ ಇಲ್ಲದ ಬರ್ತಾಳೇನ ವೈನಿ? ಸಣ್ಣೂ ಡಬ್ಬ್ಯಾಗ ಅದಾವು, ದೊಡ್ಡದು ಇಲ್ಲೈತಿ."

ಮೊದಲು ನಕ್ಕದ್ದು ಅಣ್ಣ. ಆಮೇಲೆ ಓಣಿಯೇ ನಕ್ಕಿತು. ವೈನಿ ಕೂಡ ತಂಬಿಗೆಯ ನೀರು ಚೆಲ್ಲುವಷ್ಟು ನಕ್ಕಳು. ನಕ್ಕು ಮುಗಿಸಿ, ಕರೆಯದೆ ತಾನೇ ಗಾಡಿ ಹೊಡೆದುಕೊಂಡು ಬಂದ ಮಗಳು, ಆರತಿ ಮಾಡದೆ ಒಳಗೆ ಕರೆಯಬಾರದು ಎಂದು ಒಳಗೆ ಓಡಿದಳು. ಅವಳು ತಾಟು ಹಿಡಿದು, ಅದರಲ್ಲಿ ಕರ್ಪೂರ ಉರಿಸಿಕೊಂಡು, ಗಾಳಿಗೆ ಕೈ ಅಡ್ಡ ಹಿಡಿದು ನಿಧಾನವಾಗಿ ಕಾರಿನ ಕಡೆ ನಡೆದು ಬಂದಳು.

ಬಣ್ಣ ಒಣಗಿ ಐದು ದಿನವಾಗಿತ್ತು. ಬಯಲು ಜಾಗ. ಅಪಾಯ ಏನೂ ಇರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನನ್ನ ಕಾಲು ಅವಳ ಹೆಜ್ಜೆ ಎಣಿಸಲು ಶುರು ಮಾಡಿದವು. ಐದನೆಯ ಹೆಜ್ಜೆಗೆ ನಾನು ಕಾರಿನಿಂದ ಹಾರಿ, ತಾಟಿನ ಮುಂದೆ ನಿಂತು, ಉಫ್ ಎಂದು ಆರತಿಯನ್ನು ಊದಿ ಆರಿಸಿಬಿಟ್ಟೆ.

ಹಬ್ಬದ ದಿನ ತವರುಮನೆಯ ಬಾಗಿಲಲ್ಲಿ ಆರತಿ ಆರಿಸಿದವಳನ್ನು ಎಲ್ಲರೂ ನೋಡಿದರು. ಅತ್ತೆಯ ಮುಖದ ನಗು ನಿಂತಿತು. ಮಾಮಾ ನನ್ನ ಸಹಾಯಕ್ಕೆ ಬಂದ. ಹುಡುಗಿ ಬಿಎಸ್ಸಿ ಕಲಿತವಳು, ಅದರಲ್ಲಿ ಏನೋ ಇರುತ್ತದೆ ಎಂದು ಶುರು ಮಾಡಿ, ಗಂಧಕದ ಕಥೆಯನ್ನು, ನಾನು ಹೇಳಿದ್ದು ಸರಿ ಇದ್ದದ್ದನ್ನು ಹೇಳಲು ಹೊರಟ. ಬೆವರಿಗೆ ಅವನ ಎಡಹುಬ್ಬು ಕೆನ್ನೆಗೆ ಇಳಿಯುತ್ತಿತ್ತು. ನನಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

"ಮಾಮಾ, ಅದು ನಾ ಚಾಷ್ಟಿಗೆ ಅಂದಿದ್ನಿರಿ. ಗಂಧಕಕ್ಕೂ ಕಾರಿನ ಬಣ್ಣಕ್ಕೂ ಸಂಬಂಧ ಇಲ್ಲ."

ಅವನು ಕೆನ್ನೆಗಿಳಿದ ಹುಬ್ಬನ್ನು ಅಂಗೈಯಿಂದ ಒರೆಸಿಕೊಂಡ.

"ಹಂಗಾರ ಖರೇನ ಏನ್ ಮಾಡಬೇಕಾಗಿತ್ತು?"

"ಏನೂ ಮಾಡಬಾರದಿತ್ತು. ಮಳಿ ನಿಂದ್ರೂತನಾ ಸುಮ್ನ ಕುಂದ್ರಬೇಕಾಗಿತ್ತು."

"ಇಷ್ಟ ಹೇಳಾಕ ಮೂರು ವರ್ಷ ಕಾಲೇಜಿಗೆ ಹೋದ್ಯಾ?" ಅಂದ ಮಾಮಾ. ನಾನು ಕಾಲೇಜು ಮುಗಿಸಿದ ಮೇಲೆ ಅವನು ನನ್ನ ಬಿಎಸ್ಸಿಯ ಮೇಲೆ ಅನುಮಾನ ಪಟ್ಟದ್ದು ಅದೇ ಮೊದಲು.

ಅತ್ತೆ ನಮ್ಮಿಬ್ಬರನ್ನೂ ಬಿಟ್ಟು ವೈನಿಯ ಕೈಯಿಂದ ತಾಟು ತೆಗೆದುಕೊಂಡಳು. ಕಡ್ಡಿ ಗೀರಿ ಕರ್ಪೂರವನ್ನು ತಾನೇ ಹೊತ್ತಿಸಿ, ವಾಪಸು ವೈನಿಯ ಕೈಗೆ ಕೊಟ್ಟು, ನನ್ನ ಕಡೆ ಒಮ್ಮೆ ನೋಡಿ, ಅವಳ ಭುಜ ಹಿಡಿದು ಹಿಂದಕ್ಕೆ ನಡೆಸಿಕೊಂಡು ಹೋದಳು. ಅಂಗಳ ದಾಟಿಸಿ, ಕಟ್ಟೆ ಹತ್ತಿಸಿ, ಹೊಸ್ತಿಲ ಮೇಲೆ ನಿಲ್ಲಿಸಿ, ಇಲ್ಲಿಂದ ಮಾಡು ಅಂದಳು. ವೈನಿ ಅಷ್ಟು ದೂರದಿಂದ, ಹೊರಟ ಬಸ್ಸಿಗೆ ಕೈ ಬೀಸುವವಳ ಹಾಗೆ, ನಮ್ಮ ಕಾರಿಗೆ ಆರತಿ ಎತ್ತಿದಳು. ಅತ್ತೆ ಮತ್ತೆ ಅಂಗಳಕ್ಕೆ ಬಂದು ಕಾರಿನ ಪಕ್ಕ ನಿಂತು, ಎರಡೂ ಕೈ ಜೋಡಿಸಿ ಅದನ್ನು ಸ್ವೀಕರಿಸಿದಳು. ಉರಿ ಆರುವವರೆಗೆ ನಾನು ಅವರಿಬ್ಬರ ನಡುವೆ ನಿಂತಿದ್ದೆ.